ಎರಡನೇ ತಟ್ಟೆ

ಶಿವಮೊಗ್ಗದಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಸಮತಾ ಶನಿವಾರ ಮಧ್ಯಾಹ್ನ ಕಾಗದನಗರದ ಮನೆಗೆ ಬಂದಾಗ ಅಣ್ಣ ಧರ್ಮೇಂದ್ರ ಅವ್ವನ ಸೀರೆಗಳನ್ನು ಬ್ಯಾಗಿಗೆ ತುಂಬುತ್ತಿದ್ದ.

"ಮೂರು ಗಂಟೆಗೆ ಆಟೊ ಬರುತ್ತೆ. ಹುಚ್ಚಾಸ್ಪತ್ರೆಗೆ ಸೇರಿಸೋದೇ. ನೀನು ಓದ್ದೋಳು, ಜೊತೆಗೆ ಬಂದು ಡಾಕ್ಟ್ರಿಗೆ ಹೇಳು."

ಅಪ್ಪ ಭೂತಪ್ಪ ಸತ್ತು ಎಂಟು ತಿಂಗಳಾಗಿತ್ತು. ಅವ್ವ ಶೇಷಮ್ಮ ಈಗಲೂ ದಿನಾ ಮಧ್ಯಾಹ್ನ ಅವನ ತಟ್ಟೆಗೆ ಅನ್ನ ಬಡಿಸಿ, "ಏಳಿ, ಆರಿಹೋಗುತ್ತೆ" ಎನ್ನುತ್ತಿದ್ದಳು. ಧರ್ಮೇಂದ್ರನ ಹೆಂಡತಿ ಹೆದರಿ ತವರಿಗೆ ಹೋಗಿದ್ದಳು.

"ಪಿತೃಪಕ್ಷಕ್ಕೆ ನೀನೂ ಎಡೆ ಇಟ್ಟೆಯಲ್ಲ?" ಎಂದಳು ಸಮತಾ.

"ಅದು ವರ್ಷಕ್ಕೊಂದಿನ, ಎಲ್ಲರೂ ಇಡ್ತಾರೆ. ದಿನಾ ಇಡೋದಕ್ಕೆ ನಿನ್ ಪುಸ್ತಕ ಏನನ್ನುತ್ತೆ?"

ಸಮತಾ ನೋಟ್ಸ್ ತೆಗೆದಳು. ನಡವಳಿಕೆಯೊಂದು ಕಾಯಿಲೆಯೇ ಎಂದು ತಿಳಿಯಲು ನಾಲ್ಕು ಪ್ರಶ್ನೆಗಳಿದ್ದವು. ಸಮಾಜದ ರೂಢಿಗೆ ಹೊರತೇ? ಯಾತನೆ ಇದೆಯೇ? ದಿನದ ಬದುಕಿಗೆ ಅಡ್ಡಿಯೇ? ಅಪಾಯವೇ? ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಒಂಬತ್ತು ಸಿಕ್ಕಿತ್ತು. ಇಲ್ಲಿ ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಂಡಳು. ಒಂದು ದಿನ ಇಟ್ಟರೆ ರೂಢಿ. ಎಷ್ಟನೆಯ ದಿನದಿಂದ ಕಾಯಿಲೆ? ಪುಸ್ತಕದಲ್ಲಿ ಇರಲಿಲ್ಲ.

"ಅವ್ವ ಅಳಲ್ಲ. ಮನೆಕೆಲಸ ನಿಂತಿಲ್ಲ. ತಟ್ಟೆ ಅನ್ನದಿಂದ ಯಾರಿಗೆ ಅಪಾಯ? ಸೇರಿಸೋದು ಬೇಡ."

"ಯಾತನೆ ಅವ್ವಂಗಿಲ್ದೇ ಇರಬಹುದು. ನಂಗಿದೆಯಲ್ಲ, ಅದನ್ನ ಎಲ್ಲಿ ಬರೀತೀಯ?"

ಸಮತಾ ಸಿಟ್ಟಿನಲ್ಲೇ ಅಡುಗೆಮನೆಗೆ ಹೋದಳು. ಶೇಷಮ್ಮ ಎರಡು ತಟ್ಟೆಗೆ ಬಡಿಸುತ್ತಿದ್ದಳು.

"ಅಪ್ಪ ಇಲ್ಲ ಅವ್ವ."

"ಸತ್ತಿದ್ದು ನಂಗೊತ್ತಿಲ್ವಾ ಮಾರಾಯ್ತಿ, ನಾನೇ ಬಾಯಿಗೆ ನೀರು ಬಿಟ್ಟಿದ್ದು. ಮೂವತ್ತು ವರ್ಷ ಬಡಿಸಿದ ಕೈ, ಸುಮ್ನೆ ಇರಲ್ಲ."

"ಆಮೇಲೆ ಆ ಅನ್ನ?"

"ತಿಂತೀನಿ. ಎಡೆ ಅನ್ನ ಚೆಲ್ಲಬಾರದು."

ಗೋಡೆಯ ಗೂಡಿನಲ್ಲಿ ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ಅಪ್ಪನ ತಟ್ಟೆಯ ಅನ್ನ ಕಾರ್ಖಾನೆಯಲ್ಲಿ ದುಡಿದು ಬಂದ ಗಂಡಸು ಉಣ್ಣುವಷ್ಟಿತ್ತು. ಎಂಟು ತಿಂಗಳಿಂದ ಅವ್ವ ಇಬ್ಬರ ಊಟ ಉಣ್ಣುತ್ತಿದ್ದಳು.

ಸಮತಾ ಹೊರಗೆ ಬಂದು ಹೇಳಿದಳು: "ನಾಲ್ಕನೇದು ತಪ್ಪು ಹೇಳಿದೆ. ಅಪಾಯ ಇದೆ. ಆದ್ರೆ ತಲೆಯಿಂದಲ್ಲ, ಸಕ್ಕರೆ ಕಾಯಿಲೆಯಿಂದ. ಅಪ್ಪನ ಪಾಲನ್ನೂ ಅವ್ವನೇ ತಿಂತಿದಾಳೆ."

"ಅಪಾಯ ಇದೆ ಅಂತ ನೀನೇ ಅಂದೆ." ಅವನು ಬ್ಯಾಗಿನ ಜಿಪ್ ಎಳೆದ.

ವಾದಿಸುವ ಬದಲು ಸಮತಾ ಒಳಗೆ ಹೋಗಿ ಅಪ್ಪನ ತಟ್ಟೆಯ ಮುಂದೆ ಕೂತಳು. ಕಲಸಿ ತಿನ್ನತೊಡಗಿದಳು.

"ಏನ್ ಮಾಡ್ತಿದೀಯ?" ಧರ್ಮೇಂದ್ರ ಬಾಗಿಲಲ್ಲಿ ನಿಂತಿದ್ದ.

"ಅವ್ವ ತಿನ್ನೋದು ತಪ್ಪಿಸ್ತಿದೀನಿ. ಸೋಮವಾರ ನಂಗೆ ಕ್ಲಾಸಿದೆ. ಅವತ್ತಿಂದ ನೀನು ತಿನ್ನು."

ಶೇಷಮ್ಮ ಸೌಟು ಹಿಡಿದು ಇಬ್ಬರನ್ನೂ ನೋಡಿದಳು. ಆಮೇಲೆ ಮಗಳಿಗೆ ಸಾರು ಬಿಟ್ಟಳು. "ನಿಮ್ಮಪ್ಪಂಗೆ ಖಾರ ಜಾಸ್ತಿ ಬೇಕಿತ್ತು. ನಿಂಗೆ ತಡೆಯುತ್ತಾ?"

ಧರ್ಮೇಂದ್ರ ಫೋನ್ ತೆಗೆದು ಇವತ್ತು ಆಟೊ ಬೇಡವೆಂದ. ಬ್ಯಾಗನ್ನು ಮಾತ್ರ ಬಿಚ್ಚಲಿಲ್ಲ.