ಮುದಕಮ್ಮನ ಕೈ, ಹಸಿ ಗೋಡೆ

ಬೇವೂರಿನ ಮುದಕಮ್ಮನ ಮನೆಗೆ ಲೈಟು ಬಂದದ್ದು ಗಂಡ ಹೇಮಪ್ಪನ ಹಟದಿಂದ. ಸಂಜೆ ಸ್ವಿಚ್ಚು ಒತ್ತುವವನೂ ಅವನೇ. ಬಲ್ಬು ಹತ್ತಿದೊಡನೆ ಮನೆಮಂದಿಯೆಲ್ಲ ಕೈಮುಗಿಯಬೇಕು. ದೀಪ ಅಂದಮೇಲೆ ಎಣ್ಣೆಯದಾದರೇನು, ಕರೆಂಟು ಕಂಬದ್ದಾದರೇನು! ಹೋದ ವರ್ಷ ಆತ ತೀರಿಕೊಂಡ. ಅರಿಷಿಣ ಕುಂಕುಮದ ಕೆಲಸಗಳಿಂದೆಲ್ಲ ಜನ ಮುದಕಮ್ಮನನ್ನು ಮೆಲ್ಲಗೆ ಬದಿಗೆ ಸರಿಸಿದರು. ಸಂಜೆಯ ಲೈಟೊಂದು ಅವಳ ಪಾಲಿಗೆ ಉಳಿಯಿತು. ಅದನ್ನವಳು ಜೀವದಂತೆ ಹಿಡಿದುಕೊಂಡಿದ್ದಳು.

ಈ ಸಲ ಮಳೆ ಜಡಿ ಹಿಡಿಯಿತು. ಮಣ್ಣಿನ ಮಾಳಿಗೆ ಸೋರಿ, ನೀರು ಗೋಡೆಗುಂಟ ಇಳಿದು ಸ್ವಿಚ್ಚಿನ ಹಲಗೆಯೊಳಗೆ ಹೊಕ್ಕಿತು. ಸಂಜೆ ಮುದಕಮ್ಮ ಬೆರಳಿಟ್ಟಳೋ ಇಲ್ಲವೋ, ಜುಮ್ಮೆಂದು ಹೊಡೆದು ರಟ್ಟೆಯತನಕ ಜೋಮು ಹಿಡಿಯಿತು. ಬೇರೆ ಯಾರಾದರೂ ಕರೆಂಟಿಗೆ ಬೈಯುತ್ತಿದ್ದರು. ಈ ಪುಣ್ಯಾತ್ಗಿತ್ತಿ ಮಾತ್ರ, ಗಂಡ ಸತ್ತವಳ ಕೈಯನ್ನು ದೀಪ ಒಲ್ಲೆ ಅಂದಿತು ಎಂದುಕೊಂಡಳು. ನಾಚಿಕೆಯಾಯಿತು, ಅಳು ಬಂತು. ಕರೆಂಟು ಹೋಗಿದೆ ಎಂದು ಸುಳ್ಳು ಹೇಳಿ, ಸೊಸೆ ಶಾಂತಕ್ಕನ ಕೈಯಿಂದ ಸೀಮೆಎಣ್ಣೆ ಚಿಮಣಿ ಹಚ್ಚಿಸಿದಳು.

ಮರುದಿನ ಮುಸ್ಸಂಜೆ ಶಾಂತಕ್ಕ ಭಾಂಡೆ ತಿಕ್ಕಿದ ಒದ್ದೆ ಕೈಯಲ್ಲೇ ಸ್ವಿಚ್ಚಿನತ್ತ ನಡೆದಳು. ನೆರೆಮನೆಯ ಲೈಟು ಹತ್ತಿದ್ದನ್ನು ಕಂಡಿದ್ದಳು. ಮುದಕಮ್ಮನಿಗೆ ಮುತ್ತೈದೆಯ ಕೈಗೆ ಹತ್ತಿಬಿಟ್ಟರೆ ತನ್ನ ಗತಿ ಏನು ಎಂಬ ಸಂಕಟ ಒಂದು ಕಡೆ. ಸೊಸೆಗೂ ಹೊಡೆದುಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಓಡಿಹೋಗಿ ಸೊಸೆಯ ಕೈಯನ್ನು ತಳ್ಳಿದಳು.

"ಮುಟ್ಟಬ್ಯಾಡವಾ. ನಿನ್ನೆ ನನಗ ಹೊಡದೈತಿ. ನನ್ನ ಕೈ ಒಲ್ಲೆ ಅಂತೈತಿ ಅದು," ಎಂದು ಅತ್ತೇಬಿಟ್ಟಳು.

ಬೆಳಗ್ಗೆ ವೈರಿಂಗ್ ಕೆಲಸದ ಕಾಸೀಮಸಾಬ ಬಂದ. ಫ್ಯೂಸು ಕಿತ್ತು ಹಲಗೆ ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು. ಶಾಂತಕ್ಕ ಅವನಿಗೆ ಎಲ್ಲ ಹೇಳಿದಳು.

"ಯವ್ವಾ," ಅಂದ ಆತ ಮುದಕಮ್ಮನಿಗೆ, "ಗ್ವಾಡಿ ಹಸಿ ಇತ್ತಂದ್ರ ಕರೆಂಟು ಮುತ್ತೈದಿ ಯಾರು, ಗಂಡ ಸತ್ತಾಕಿ ಯಾರು ಅಂತ ನೋಡಂಗಿಲ್ಲ. ಒದ್ದಿ ಕೈಲೆ ಮುಟ್ಟಿದ್ರ ನಿನ್ನ ಸೊಸಿ ಜೀವಾನ ಹೋಗತಿತ್ತು. ಆಕೀನ್ನ ಉಳಿಸಿದ್ದು ನಿನ್ನ ಇದಾ ಕೈ."

ಮಾಳಿಗೆಗೆ ಹೊಸ ಮಣ್ಣು ಬಿತ್ತು. ಗೋಡೆ ಪೂರಾ ಒಣಗಿದ ಮೇಲೆ ಕಾಸೀಮಸಾಬ ಹೊಸ ಸ್ವಿಚ್ಚು ಕೂರಿಸಿ ಫ್ಯೂಸು ಹಾಕಿದ. ಶಾಂತಕ್ಕ ಹಿಂದೆ ಸರಿದು ನಿಂತಳು.

"ಅತ್ತಿ, ನೀವಾ ಹಚ್ರಿ."

ಮುದಕಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು, ಕಣ್ಣು ಮುಚ್ಚಿ ಒತ್ತಿದಳು. ಬಲ್ಬು ಹತ್ತಿತು. ಎಲ್ಲರೂ ಕೈಮುಗಿದರು. ಅವಳು ಅದನ್ನು ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಆರಿಸಿದಳು.

"ಯಾಕ್ರಿ ಅತ್ತಿ, ಏನಾತು?"

"ಏನಿಲ್ಲವಾ. ನನ್ನ ಕೈಲೆ ಹತ್ತತೈತಿಲ್ಲೋ ನೋಡಾಕತ್ತೀನಿ," ಎಂದು ಮುದಕಮ್ಮ ಇನ್ನೊಮ್ಮೆ ಹಚ್ಚಿದಳು.