ದೇವದೂತನಿಗೊಂದು ಮೂಗು

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿರುವ ಡಾಕ್ಟರ್ ಹರಿಪ್ರಸಾದರ ಮನೆಗೆ ಊಟಕ್ಕೆ ಹೋದವರು ಮೊದಲು ಪಾಠ ಕೇಳಬೇಕು, ಆಮೇಲೆ ಬಿಸಿಬೇಳೆಬಾತು. ಅದು ಆ ಮನೆಯ ಕಟ್ಟಳೆ. ಆಸ್ಪತ್ರೆಯಲ್ಲಿ ಮುರಿದ ಮೂಳೆ ಕೂಡಿಸುವ ಈ ಮಹಾನುಭಾವರಿಗೆ ನಲವತ್ತೈದು ದಾಟಿದ ಮೇಲೆ ಇಟಲಿಯ ಹುಚ್ಚು ಹಿಡಿಯಿತು. ರೆನೆಸಾನ್ಸ್ ಎಂಬ ಮಾತು ಬಂದರೆ ಸಾಕು, ಕಣ್ಣು ಅರೆಮುಚ್ಚುತ್ತಿದ್ದರು. ಹರಾಜಿನಿಂದ ಹರಾಜಿಗೆ ಅಲೆದು, ಕೂತರೆ ಕಿರುಗುಟ್ಟುವ ಕುರ್ಚಿ, ಕುಂಟುವ ಮೇಜು, ಯಾರೋ ಸಂತನ ಹೊಗೆ ಹಿಡಿದ ಪಟ, ಎಲ್ಲ ತಂದು ಹಾಲ್ ತುಂಬಿಸಿದ್ದರು. ಹೆಂಡತಿ ಚಂದ್ರಿಕಾ ಬೆನ್ನಿಗೆ ಒರಗು ಇರುವ ಒಂದು ಸೋಫಾ ಕೇಳಿ ಕೇಳಿ ಸಾಕಾಗಿ, ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲೇ ತನಗೆ ಗತಿ ಎಂದು ಸುಮ್ಮನಾಗಿದ್ದಳು.

ಇವೆಲ್ಲದರ ರಾಜನೆಂದರೆ ಒಂದು ಪೆಟ್ಟಿಗೆ. ವಾಲ್ನಟ್ ಮರದ್ದು, ಮಂಚದಷ್ಟು ಉದ್ದ. ಐನೂರು ವರ್ಷದ ಹಿಂದೆ ಫ್ಲಾರೆನ್ಸಿನ ಯಾವುದೋ ಸಾಹುಕಾರನ ಮಗಳು ಮದುವೆಯಾಗಿ ಹೊರಟಾಗ ಸೀರೆಯಲ್ಲದ ಸೀರೆಗಳನ್ನೆಲ್ಲ ಇದರಲ್ಲೇ ತುಂಬಿಕೊಂಡು ಹೋಗಿದ್ದಳಂತೆ. ಮುಂಭಾಗದಲ್ಲಿ ಇಬ್ಬರು ದೇವದೂತರ ಕೆತ್ತನೆ. ಒಬ್ಬನಿಗೆ ಮೂಗಿಲ್ಲ. ಪೆಟ್ಟಿಗೆಯ ಮೈತುಂಬ ನುಸಿ ಕೊರೆದ ತೂತು, ಮೇಲೆ ಕಪ್ಪಗೆ ಶತಮಾನಗಳ ಮೇಣ. ಒಮ್ಮೆ ಚಂದ್ರಿಕಾ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಡಾಕ್ಟರು ಮನೆ ಹಾರಿಹೋಗುವ ಹಾಗೆ ಕೂಗಾಡಿದ್ದರು. ಅದು ಕೊಳೆಯಲ್ಲ, ಪಟಿನಾ, ಕಾಲವೇ ಹಚ್ಚಿದ ಬಣ್ಣ, ಅದು ಹೋದರೆ ಉಳಿಯುವುದು ಬರೀ ಸೌದೆ ಎಂದು ಅವಳಿಗೆ ಎರಡು ದಿನ ಪಾಠವಾಯಿತು. ಅಂದಿನಿಂದ ಅವಳು ಅದರ ಹತ್ತಿರ ಕೂಡ ಸುಳಿಯಲಿಲ್ಲ.

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ಡಾಕ್ಟರ ಅದೃಷ್ಟ ಖುಲಾಯಿಸಿತು. ಲೀಡ್ಸಿನ ಒಂದು ಗ್ಯಾಲರಿಯವರು ಹಳೆಯ ಇಟಲಿಯ ವಸ್ತುಗಳ ಪ್ರದರ್ಶನ ಇಡುವವರಿದ್ದರು. ಇವರು ಕಳಿಸಿದ ಫೋಟೋ ನೋಡಿ, ಅಲ್ಲಿನ ಮಿಸೆಸ್ ಆಕ್ರಾಯ್ಡ್ ಎಂಬ ತಜ್ಞೆ ಕಾಗದ ಬರೆದರು: ಪೆಟ್ಟಿಗೆ ಅಸಲಿ ಎಂದೇ ಕಾಣುತ್ತದೆ, ಸೆಪ್ಟೆಂಬರಿನ ಮೊದಲ ಶನಿವಾರ ಕಣ್ಣಾರೆ ನೋಡಲು ಬರುತ್ತೇನೆ. ಜೊತೆಗೆ, ಪೆಟ್ಟಿಗೆಯ ಪಕ್ಕ ಇಡುವ ಚೀಟಿಯ ಒಕ್ಕಣೆಯೂ ಇತ್ತು. ‘ಕೊಟ್ಟವರು: ಡಾ. ಹರಿಪ್ರಸಾದ್, ಬ್ರೂಮ್‌ಹಿಲ್.’ ಇಪ್ಪತ್ತು ವರ್ಷ ಈ ದೇಶದಲ್ಲಿ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬಾಯಿ ನೋಯಿಸಿಕೊಂಡ ಮನುಷ್ಯ, ಅದೇ ಹೆಸರು ಇಂಗ್ಲಿಷರ ಗೋಡೆಯ ಮೇಲೆ ಬರುವುದನ್ನು ನೆನೆದು ಆ ರಾತ್ರಿ ಊಟವನ್ನೇ ಮರೆತರು. ಅವರಿಗೆ ಅಷ್ಟು ಬೇಕಾಗಿತ್ತು ಅದು.

ಗೌರಿ ಗಣೇಶ ಆದ ಭಾನುವಾರ ನಾಲ್ಕಾರು ಮನೆಯವರನ್ನು ಊಟಕ್ಕೆ ಕರೆದದ್ದೂ ಆ ಕಾಗದ ತೋರಿಸುವುದಕ್ಕೇ. ಕಾಗದ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಭೇಷ್ ಎಂದರು. ಹಡರ್ಸ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರ್ ಇಂದುಶೇಖರ ಮಾತ್ರ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತೂತುಗಳಿಗೆ ಬೆರಳಿಟ್ಟು ನೋಡಿದ.

“ನುಸಿ ಹಿಡಿದಿದೆಯಲ್ಲ ಸಾರ್. ಹೀಗೇ ತೋರಿಸ್ತೀರಾ ಆಯಮ್ಮಂಗೆ?”

ಎಲ್ಲರೂ ನಕ್ಕರು. ಹರಿಪ್ರಸಾದರೂ ನಕ್ಕರು, ಪಟಿನಾ ಎಂದರು. ಆದರೆ ಮಾತು ಒಳಗೆ ಹೋಗಿ ಕೂತುಬಿಟ್ಟಿತ್ತು.

ಸೋಮವಾರದಿಂದ ಮನೆಗೆ ಮದುವೆ ಕಳೆ ಬಂತು. ಹುಲ್ಲು ಕತ್ತರಿಸಿದ್ದಾಯಿತು, ಮುಂಬಾಗಿಲಿಗೆ ಬಣ್ಣವಾಯಿತು. ಇಂಗಿನ ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದು, ಶನಿವಾರದ ತನಕ ಒಗ್ಗರಣೆ ಕೂಡದೆಂದು ಅಪ್ಪಣೆಯಾಯಿತು. ನಾಲ್ಕು ದಿನ ಸಪ್ಪೆ ಸಾರು ಉಂಡ ಚಂದ್ರಿಕಾ ಮನಸ್ಸಿನಲ್ಲೇ ಇಟಲಿಗೆ ಶಾಪ ಹಾಕಿದಳು. ಗುರುವಾರ ಡಾಕ್ಟರು ರಜೆ ಹಾಕಿ ಹಾಲಿನಲ್ಲಿ ನಿಂತು ನೋಡುತ್ತಾರೆ, ಎಲ್ಲ ಲಕಲಕ ಹೊಳೆಯುತ್ತಿದೆ, ಪೆಟ್ಟಿಗೆಯೊಂದು ಮಾತ್ರ ತಲೆಗೆ ನೀರು ಹಾಕಿಕೊಳ್ಳದ ಹೆಣ್ಣಿನ ಹಾಗೆ ಮೂಲೆಯಲ್ಲಿದೆ.  ಕಾರು ಹತ್ತಿ ಹೋದವರು ಮರಳುಕಾಗದ, ಮರಕ್ಕೆ ಮೆತ್ತುವ ಲಪ್ಪ, ಒಂದು ದೊಡ್ಡ ಡಬ್ಬ ವಾರ್ನಿಷ್ ತಂದರು.

ಚಂದ್ರಿಕಾ ಬಾಗಿಲಲ್ಲೇ ನಿಂತಳು. “ಮುಟ್ಟಬಾರದು ಅಂತ ಹೇಳಿದ್ದು ನೀವೇ ಅಲ್ವಾ?”

“ಅದು ನಮ್ಮ ನಮ್ಮಲ್ಲಿ ಕಣೇ. ಮನೆಗೆ ಜನ ಬರೋವಾಗ ಹೀಗೇ ಇಡಕ್ಕಾಗುತ್ತಾ? ಇಂಡಿಯನ್ಸ್‌ಗೆ ಸಾಮಾನು ನೀಟಾಗಿ ಇಟ್ಕೊಳಕ್ಕೆ ಬರಲ್ಲ ಅಂದ್ಕೊಳ್ಳಲ್ವಾ ಅವಳು?”

ಅವಳು ಹೋಗಿ ತನ್ನ ಸ್ಟೂಲಿನ ಮೇಲೆ ಕೂತಳು.

ಶಸ್ತ್ರವೈದ್ಯರ ಕೈ ಅಂದರೆ ಕೇಳಬೇಕೆ! ಬೆಳಿಗ್ಗೆ ಶುರುಮಾಡಿದ್ದು ಸಂಜೆಯ ತನಕ. ಮೇಣವನ್ನೆಲ್ಲ ಕೆರೆದು ತೆಗೆದರು. ನೂರಾರು ತೂತುಗಳನ್ನು ಒಂದೂ ಬಿಡದೆ ಮುಚ್ಚಿದರು. ಕೆತ್ತನೆಯ ಸಂದಿಯಲ್ಲಿ ಅಂಟಿಕೊಂಡಿದ್ದ ಹಳದಿ ಕಸವನ್ನು, ಅದು ಹಳೆಯ ಚಿನ್ನದ ರೇಕು ಎಂಬುದು ಹೊಳೆಯದೆ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದರು. ಮೂಗಿಲ್ಲದ ದೇವದೂತನಿಗೆ ಲಪ್ಪದಲ್ಲಿ ಹೊಸ ಮೂಗು ಮಾಡಿ ಕೂಡಿಸಿದರು. ಮೂಗು ಚೆನ್ನಾಗಿಯೇ ಬಂತು, ಆದರೆ ಅದು ಫ್ಲಾರೆನ್ಸಿನದಲ್ಲ, ನಂಜನಗೂಡಿನ ಕಡೆಯ ಅವರದೇ ಮನೆತನದ್ದು. ಆಮೇಲೆ ಎರಡು ಕೈ ವಾರ್ನಿಷ್. ಮೇಲೆ ಮಾತ್ರ ತೋರಿಕೆಗೆ ಮಾಡುವ ಜನವಲ್ಲ ನಾವು ಎಂದು ಪೆಟ್ಟಿಗೆಯ ತಳಕ್ಕೂ ಹಚ್ಚಿದರು.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಮಿಸೆಸ್ ಆಕ್ರಾಯ್ಡ್ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ಕತ್ತಿನಲ್ಲಿ ಭೂತಗನ್ನಡಿ. ಹಾಲಿಗೆ ಕಾಲಿಟ್ಟವರು ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ಅದರ ಮುಂದೆಯೇ ನಿಂತಿದ್ದರು. ಇದೇ ಎಂದು ಗೊತ್ತಾದಾಗ ನೆಲದ ಮೇಲೆ ಮಂಡಿಯೂರಿ ತಳ ನೋಡಿದರು, ಸಂದಿಗಳಲ್ಲಿ ಚಿನ್ನ ಹುಡುಕಿದರು, ಮೂಗಿನ ಹತ್ತಿರ ಭೂತಗನ್ನಡಿ ಹಿಡಿದು ನೋಡಿದರು. ಈ ಕೆಲಸ ಯಾರಿಂದ ಮಾಡಿಸಿದಿರಿ ಎಂದು ಮೆಲ್ಲಗೆ ಕೇಳಿದರು. ತಾನೇ ಸ್ವತಃ, ಗುರುವಾರ ಒಂದೇ ದಿನದಲ್ಲಿ, ಎಂದು ಹರಿಪ್ರಸಾದರು ಎದೆಯುಬ್ಬಿಸಿ ಹೇಳಿದರು.

“ಗುರುವಾರದ ತನಕ ಇದಕ್ಕೆ ಐನೂರು ವರ್ಷವಾಗಿತ್ತು, ಡಾಕ್ಟರ್,” ಎಂದರು ಮಿಸೆಸ್ ಆಕ್ರಾಯ್ಡ್. “ಈಗ ಎರಡು ದಿನ.”

ಅವರು ಕಾಫಿಗೂ ಕೂರಲಿಲ್ಲ. ಅಚ್ಚು ಹಾಕಿಸಿ ತಂದಿದ್ದ ಚೀಟಿ ಚೀಲದಿಂದ ಅರ್ಧ ಹೊರಗೆ ಬಂದಿತ್ತು, ಅದನ್ನು ಹಾಗೇ ಒಳಗೆ ತಳ್ಳಿಕೊಂಡು ಹೋದರು. ಹೆಸರಿನ ಅಕ್ಷರಗಳೆಲ್ಲ ಸರಿಯಾಗಿದ್ದವು. ಹರಿಪ್ರಸಾದರು ಅಷ್ಟನ್ನು ಓದಿಕೊಂಡಿದ್ದರು.

ಚಂದ್ರಿಕಾ ಗಂಡನಿಗೆ ಕಾಫಿ ಕೊಟ್ಟಳು. ತನ್ನ ಲೋಟ ಹಿಡಿದು ಬಂದು, ಪೆಟ್ಟಿಗೆ ಮನೆಗೆ ಬಂದ ಐದು ವರ್ಷದಲ್ಲಿ ಮೊದಲ ಸಲ, ಅದರ ಮೇಲೆ ಆರಾಮಾಗಿ ಕೂತಳು.  ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹಬ್ಬದ ದಿನ ಹೋಳಿಗೆ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ವಾಪಸು ಕೊಡಲು ಇಂದುಶೇಖರ ಬಂದಿದ್ದ. ಬರಿದಾಗಿ ಕೊಡಬಾರದೆಂದು ಅವನ ಹೆಂಡತಿ ಚಕ್ಕುಲಿ ತುಂಬಿ ಕಳಿಸಿದ್ದಳು. ಒಳಗೆ ಬಂದವನೇ ಪೆಟ್ಟಿಗೆ ನೋಡಿ ಬೆರಗಾಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಈಗ ನೋಡಿ ಸಾರ್, ಹೇಗಿದೆ! ಆ ವಾರ್ನಿಷ್ ಏನಾದ್ರೂ ಉಳಿದಿದೆಯಾ? ನಮ್ಮ ಶೆಡ್ಡಿನ ಬಾಗಿಲಿಗೆ ಬೇಕಿತ್ತು.”

ಹರಿಪ್ರಸಾದರು ಎದ್ದು ಗ್ಯಾರೇಜಿಗೆ ಹೋದರು. ಕಾಲು ಭಾಗ ಉಳಿದಿದ್ದ ಡಬ್ಬವನ್ನು ತಂದು ಅವನ ಕೈಗೆ ಕೊಟ್ಟು, ಎರಡು ಕೈ ಹಚ್ಚಬೇಕು ಎಂದರು.