ತಣ್ಣೀರಲ್ಲೇ ಕೆಂಪಾದ ಚಹಾಪುಡಿ

ಬ್ಯಾಡಗಿಯ ಕೊಟ್ರಪ್ಪ ಸಾಹುಕಾರರ ಅಂಗಡಿಯಲ್ಲಿ ಮೆಣಸಿನಕಾಯಿಯ ದರ್ಜೆ ಹೇಳುವವನು ಲಕ್ಕಪ್ಪ. ಒಂದು ಹಿಡಿ ಕಾಯಿ ಎತ್ತಿ, ಬಣ್ಣ ನೋಡಿ, ಇದು ಇಂಥದ್ದು ಎಂದುಬಿಡುತ್ತಾನೆ. ಅದರಲ್ಲಿ ಗಟ್ಟಿಗ, ನಾನೇಕೆ ಸುಳ್ಳು ಹೇಳಲಿ? ಆದರೆ ಆ ಒಂದು ವಿದ್ಯೆ ಬಂದದ್ದೇ ತಡ, ಉಳಿದದ್ದೆಲ್ಲ ತಾನಾಗೇ ಬಂತೆಂದು ತಿಳಿದ. ಎಮ್ಮೆಗೂ ದರ್ಜೆ ಕೊಡುತ್ತಾನೆ, ಬೀಗರಿಗೂ ಕೊಡುತ್ತಾನೆ. ಕಡೆಗೆ ನನ್ನ ಚಹಾಕ್ಕೂ ಕೊಟ್ಟ.

ಹನ್ನೊಂದು ವರ್ಷದಿಂದ ಆ ಸಾಲಿನ ಅಂಗಡಿಗಳಿಗೆಲ್ಲ ನನ್ನದೇ ಚಹಾದ ಕಿಟ್ಲಿ. ನಮ್ಮ ಮನೆ ನಡೆಯುವುದೇ ಅದರಿಂದ.

“ಪುಷ್ಪಕ್ಕಾ, ನಿನ್ನ ಪುಡಿ ಡಸ್ಟ್ ಐತಿ. ಡಸ್ಟ್ ಅಂದ್ರ ಕಸ. ಕಾಯಿ ಆರಿಸಿದ ಮ್ಯಾಲೆ ಚೀಲದ ಬುಡಕ ಉಳಿತೈತಲ್ಲ, ಅಂಥಾದ್ದು,” ಎಂದ ಎಲ್ಲರೆದುರು.

ಡಸ್ಟ್ ಎಂದರೆ ಜರಡಿಯಿಂದ ಕೆಳಗಿಳಿದ ಸಣ್ಣ ಕಾಳು. ಎಲೆ ಅದೇ, ತೋಟ ಅದೇ. ಸಣ್ಣದಾದಷ್ಟೂ ಬೇಗ ಕಡಕ್ ಆಗುತ್ತದೆ. ಹಾಲು ಹಾಕಿ ಕುದಿಸುವ ಚಹಾಕ್ಕೆ ಅದೇ ಬೇಕು. ಇದನ್ನೆಲ್ಲ ಹೇಳಿದೆ. ಯಾರು ಕೇಳಬೇಕು? ನಾನು ಬರೀ ಚಹಾ ಮಾಡುವವಳು, ಅವನು ದರ್ಜೆಯ ಪಂಡಿತ.

ಆ ಪಂಡಿತ ರಾಣೆಬೆನ್ನೂರಿನಲ್ಲಿ ಯಾರೋ ಊರೂರು ತಿರುಗಿ ಮಾರುವವನ ಹತ್ತಿರ ಒಂದು ಚೀಲ ‘ಒಂದನೇ ದರ್ಜೆ’ಯ ಪುಡಿ ತಂದ. ಹೆಂಡತಿ ಉಡಚವ್ವನಿಂದ ಚಹಾ ಮಾಡಿಸಿ ಎಂಟು ದಿನ ಸಾಲಿಗೆಲ್ಲ ಕುಡಿಸಿದ. ಕುಡಿದವರು “ಏನ್ ಬಣ್ಣಾರೀ!” ಎಂದು ಬಾಯಿ ಚಪ್ಪರಿಸಿದರು. ರುಚಿಯ ಮಾತನ್ನು ಒಬ್ಬನೂ ಎತ್ತಲಿಲ್ಲ. ನನ್ನ ಕಿಟ್ಲಿ ಮಾತ್ರ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರತೊಡಗಿತು. ಹೊಟ್ಟೆ ಉರಿಯಿತು, ಹೆದರಿಕೆಯೂ ಆಯಿತು.

ಒಂಬತ್ತನೆಯ ದಿನ ಕೊಟ್ರಪ್ಪನವರು ಇಬ್ಬರನ್ನೂ ಕರೆಸಿದರು. ಇನ್ನು ಮುಂದೆ ಯಾರ ಚಹಾ ಎಂಬುದು ಅಂದೇ ತೀರ್ಮಾನ. ಲಕ್ಕಪ್ಪ ಎರಡು ಗ್ಲಾಸು ತಣ್ಣೀರು ತರಿಸಿ, ಒಂದಕ್ಕೆ ನನ್ನ ಪುಡಿ, ಇನ್ನೊಂದಕ್ಕೆ ತನ್ನದನ್ನು ಉದುರಿಸಿದ. ನನ್ನದು ಸುಮ್ಮನೆ ತೇಲಿತು. ಅವನದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗ್ಲಾಸನ್ನೆಲ್ಲ ಕೆಂಪು ಮಾಡಿತು.

“ನೋಡ್ರಿ ಸಾವ್ಕಾರ್ರ! ಕುದಿಸೋದ ಬ್ಯಾಡ!”

“ಲಕ್ಕಪ್ಪಣ್ಣಾ,” ಎಂದೆ, “ಖಾರಪುಡಿ ತಣ್ಣೀರಾಗ ಹಿಂಗ ಬಣ್ಣ ಬಿಟ್ರ ಏನಂತಿ?”

“ಬಣ್ಣ ಬೆರಸ್ಯಾರ ಅಂತೇನಿ. ಚೀಲಾನ ಹೊರಗ ಒಗಸ್ತೇನಿ,” ಎಂದ ಠೀವಿಯಿಂದ. ಆಮೇಲೆ ಗ್ಲಾಸಿನ ಕಡೆ ನೋಡಿದ. ಮುಖ ಹುಳ್ಳಗಾಯಿತು.

ಎಂಟು ದಿನ ಬಣ್ಣ ಹೊಗಳಿದ ಜಾಣರೆಲ್ಲ ಈಗ ಬಾಯಿ ಮುಕ್ಕಳಿಸಲು ಓಡಿದರು. “ನಾಳಿಂದ ನಿಂದ ಚಾ ಬರ್ಲೆವಾ,” ಎಂದರು ಕೊಟ್ರಪ್ಪನವರು. ಅಷ್ಟರಲ್ಲಿ ಏನೂ ತಿಳಿಯದ ಉಡಚವ್ವ ಬಿಸಿ ಚಹಾ ಹಿಡಿದು ಬಾಗಿಲಿಗೆ ಬಂದಳು.

“ನೀವೂ ಮನ್ಯಾಗ ಇದನ್ನ ಕುಡೀತೀರೇನವಾ?” ಎಂದು ಕೊಟ್ರಪ್ಪನವರು ಗಾಬರಿಯಿಂದ ಕೇಳಿದರು.

“ಇಲ್ರಿ,” ಎಂದಳು ಉಡಚವ್ವ. “ಇದಕ್ಕ ರುಚಿ ಎಲ್ಲೈತ್ರಿ? ನಮ್ಮನಿಯವ್ರಿಗೆ ಡಸ್ಟ್ ಆಗಬೇಕ್ರಿ.”